ಬಂದೂಕಿನ ಮೈಬಣ್ಣ

ಹಳೆಯ ಆಯುಧಗಳನ್ನಿರಿಸಿರುವ ಯಾವ ವಸ್ತುಸಂಗ್ರಹಾಲಯಕ್ಕೆ ಹೋದರೂ, ಬಂದೂಕುಗಳ ಸಾಲಿನ ಮುಂದೆ ನಿಂತವರ ಕಣ್ಣು ಮೊದಲು ಬೀಳುವುದು ಅವುಗಳ ಕೆತ್ತನೆಯ ಮೇಲೆ; ಆಮೇಲೆ ಅವುಗಳ ಉದ್ದದ ಮೇಲೆ. ನಳಿಗೆಯ ಬಣ್ಣವನ್ನು ಗಮನಿಸುವವರು ವಿರಳ. ಒಂದರ ಮೈ ಕಂದು, ಇನ್ನೊಂದರದು ಕಾಡಿಗೆಯಂತೆ ಕಪ್ಪು, ಮತ್ತೊಂದರದು ನೇರಿಲೆಯ ಹಣ್ಣಿನಂತೆ ನೀಲಿಗಪ್ಪು, ನಾಲ್ಕನೆಯದರದು ಬೂದಿ ಬಳಿದಂತೆ ಮಂಕು. ಇವನ್ನೆಲ್ಲ ಅಂದಕ್ಕಾಗಿ ಬಳಿದ ಬಣ್ಣಗಳೆಂದು ನೋಡುವವರು ಭಾವಿಸುವುದು ಸಹಜವೇ. ಆದರೆ ಇವುಗಳಲ್ಲಿ ಯಾವುದನ್ನೂ ಕುಂಚದಿಂದ ಬಳಿದಿಲ್ಲ. ಕಬ್ಬಿಣಕ್ಕೂ ಗಾಳಿ ನೀರುಗಳಿಗೂ ನಡೆದ ದೀರ್ಘ ಕಲಹದಲ್ಲಿ ಮನುಷ್ಯನು ನಡುವೆ ನಿಂತು ಮಾಡಿಸಿದ ಒಪ್ಪಂದಗಳಿವು. ಆ ಒಪ್ಪಂದಗಳಲ್ಲಿ ಯಾವುದು ಎಷ್ಟು ಬಾಳಿತು, ಏತಕ್ಕಾಗಿ ಬಾಳಿತು, ಅದು ಮುರಿದಾಗ ಬೆಲೆ ತೆತ್ತವರು ಯಾರು ಎಂಬುದನ್ನು ಈ ಭಾಷಣದಲ್ಲಿ ವಿಚಾರ ಮಾಡೋಣ.

ಲೋಹದ ಮೈಯನ್ನು ಕಾಪಾಡುವುದಕ್ಕೆ ಎರಡು ದಾರಿಗಳುಂಟು. ಎರಡೂ ನಮ್ಮ ನಾಡಿನವರಿಗೆ ಹಳೆಯ ಪರಿಚಯವೇ. ಹಿತ್ತಾಳೆಯ ಪಾತ್ರೆಗೆ ಕಲಾಯಿ ಹಾಕಿಸುವುದು ಒಂದು. ಅಲ್ಲಿ ತವರವೆಂಬ ಬೇರೊಂದು ಲೋಹವನ್ನು ಹೊರಗಿನಿಂದ ತಂದು, ಪಾತ್ರೆಯನ್ನು ಕಾಯಿಸಿ ಹಚ್ಚುತ್ತಾರೆ. ಸೌಟಿನ ತಿಕ್ಕಾಟಕ್ಕೆ ಅದು ಸವೆದರೆ ಕಲಾಯಿಯವನು ಮತ್ತೆ ಬರಬೇಕು. ಬೀದರಿನ ಕುಶಲಕರ್ಮಿಗಳು ಮಾಡುವುದು ಇನ್ನೊಂದು. ಸತುವಿಗೆ ಸ್ವಲ್ಪ ತಾಮ್ರವನ್ನು ಬೆರೆಸಿ ಎರಕ ಹೊಯ್ದು, ಬೆಳ್ಳಿಯನ್ನು ಅದರಲ್ಲಿ ಕೂರಿಸಿ, ಕೋಟೆಯ ಮಣ್ಣನ್ನೂ ನವಸಾಗರವನ್ನೂ ಕಲಸಿ ತಿಕ್ಕಿದರೆ ಬೆಳ್ಳಿ ಬೆಳ್ಳಗೇ ಉಳಿದು ಸುತ್ತಲಿನ ಲೋಹವು ಕಗ್ಗಪ್ಪಾಗುತ್ತದೆ. ಆ ಕಪ್ಪು ಹೊರಗಿನಿಂದ ಬಂದದ್ದಲ್ಲ. ಲೋಹದ ಮೇಲ್ಮೈಯೇ ಮಾರ್ಪಟ್ಟು ಆದದ್ದು. ಮೊದಲನೆಯದನ್ನು ಹೊದಿಕೆಯೆಂದೂ ಎರಡನೆಯದನ್ನು ಚರ್ಮವೆಂದೂ ಕರೆಯೋಣ. ಬಂದೂಕಿನ ಚರಿತ್ರೆಯಲ್ಲಿ ಈ ಎರಡೂ ಪಂಥಗಳು ಬಹುಕಾಲ ಪೈಪೋಟಿ ನಡೆಸಿವೆ.

ಮೊದಲು ಶತ್ರುವಿನ ಸ್ವಭಾವವನ್ನು ತಿಳಿಯಬೇಕು. ದೋಸೆಯ ಕಾವಲಿಯನ್ನು ತೊಳೆದು, ಎಣ್ಣೆ ಸವರದೆ ಒದ್ದೆಯಾಗಿಯೇ ಬಿಟ್ಟರೆ ಬೆಳಗಾಗುವುದರೊಳಗೆ ಅದು ಕೆಂಪು ಹಿಡಿದಿರುತ್ತದೆ. ಕಬ್ಬಿಣ, ನೀರು, ಗಾಳಿಯಲ್ಲಿರುವ ಆಮ್ಲಜನಕ, ಈ ಮೂರೂ ಕೂಡಿದಾಗ ಹುಟ್ಟುವ ಈ ತುಕ್ಕು ತಾನು ನುಂಗಿದ ಕಬ್ಬಿಣಕ್ಕಿಂತ ಕನಿಷ್ಠ ಎರಡರಷ್ಟು ಸ್ಥಳವನ್ನು ಆಕ್ರಮಿಸುತ್ತದೆ. ಸ್ಥಳ ಸಾಲದೆ ಉಬ್ಬಿ, ಬಿರಿದು, ಹಕ್ಕಳೆಯಾಗಿ ಉದುರುತ್ತದೆ. ಉದುರಿದ ಕಡೆಯಲ್ಲಿ ಹೊಸ ಕಬ್ಬಿಣವು ಗಾಳಿಗೆ ಮೈಯೊಡ್ಡುತ್ತದೆ. ಹೀಗೆ ಈ ರೋಗಕ್ಕೆ ಕೊನೆಯೇ ಇಲ್ಲ. ಆದರೆ ಕಬ್ಬಿಣಕ್ಕೂ ಆಮ್ಲಜನಕಕ್ಕೂ ಇನ್ನೊಂದು ಬಗೆಯ ಸಂಯೋಗವುಂಟು. ಅದರ ಬಣ್ಣ ಕಪ್ಪು. ಗಣಿಗಳಲ್ಲಿ ದೊರೆಯುವ ಅಯಸ್ಕಾಂತಶಿಲೆಯೂ ಅದೇ ಪದಾರ್ಥವೇ. ಅದು ಒತ್ತಾಗಿ ಕಬ್ಬಿಣದ ಮೈಗೆ ಕಚ್ಚಿಕೊಂಡಿರುತ್ತದೆ, ಸುಲಭವಾಗಿ ಉದುರುವುದಿಲ್ಲ. ಹಿಂದಿನ ಬಂದೂಕಿನ ಕಮ್ಮಾರರ ವಿದ್ಯೆಯೆಲ್ಲ ಈ ಕೆಂಪು ಕಪ್ಪುಗಳ ವ್ಯತ್ಯಾಸದ ಮೇಲೆ ನಿಂತಿದ್ದಿತು. ರಸಾಯನಶಾಸ್ತ್ರದ ಹೆಸರುಗಳನ್ನು ಅವರು ಅರಿಯರು. ಗುಣಗಳನ್ನು ಚೆನ್ನಾಗಿ ಅರಿತಿದ್ದರು.

ಆದರೂ ಹದಿನೆಂಟನೆಯ ಶತಮಾನದ ಯೂರೋಪಿನ ಸೈನ್ಯಗಳು ಈ ಎರಡು ದಾರಿಗಳನ್ನೂ ಹಿಡಿಯಲಿಲ್ಲ. ಅವು ಮೆಚ್ಚಿದ್ದು ಬರಿಯ ಉಕ್ಕು ಕಬ್ಬಿಣಗಳ ಹೊಳಪನ್ನು. ಬ್ರಿಟಿಷ್ ಪದಾತಿಯ ಬಂದೂಕಿಗೆ 'ಬ್ರೌನ್ ಬೆಸ್' ಎಂಬ ಅಡ್ಡಹೆಸರು ಪ್ರಸಿದ್ಧವಾಗಿದೆ. ಬ್ರೌನ್ ಎಂದರೆ ಕಂದು. ಆದರೆ ಆ ಬಂದೂಕಿನ ನಳಿಗೆಯನ್ನು ಬೆಳ್ಳಿಯಂತೆ ಬೆಳಗಿಟ್ಟಿರಬೇಕೆಂಬುದೇ ಅಂದಿನ ನಿಯಮ. ೧೭೯೯ರಲ್ಲಿ ಶ್ರೀರಂಗಪಟ್ಟಣದ ಕೋಟೆಗೆ ಲಗ್ಗೆಯಿಟ್ಟವರ ಹೆಗಲ ಮೇಲಿದ್ದುದೂ ಈ ವಂಶದ ಬಂದೂಕೇ. ಸಿಪಾಯಿಗೆ ಬಿಡುವು ದೊರೆತಾಗಲೆಲ್ಲ ಇಟ್ಟಿಗೆಯ ಪುಡಿಯನ್ನು ಹಾಕಿ ನಳಿಗೆಯನ್ನು ತಿಕ್ಕುವುದೇ ಕೆಲಸ. ಕವಾಯತಿನ ದಿವಸ ಸಾಲು ಸಾಲಾಗಿ ನಿಂತ ಬಂದೂಕುಗಳು ಬಿಸಿಲಿಗೆ ಮಿರುಗಿದರೆ ಸೇನಾಧಿಪತಿಗೆ ತೃಪ್ತಿ. ಆದರೆ ಇಟ್ಟಿಗೆಯ ಪುಡಿಗೆ ತುಕ್ಕು ಯಾವುದು, ಕಬ್ಬಿಣ ಯಾವುದು ಎಂಬ ವಿವೇಚನೆಯಿಲ್ಲ. ಪ್ರತಿಯೊಂದು ಸಲ ಬೆಳಗಿದಾಗಲೂ ನಳಿಗೆಯು ಕೂದಲೆಳೆಯಷ್ಟಾದರೂ ತೆಳ್ಳಗಾಗುತ್ತಿದ್ದಿತು; ಮೇಲೆ ಹೊಡೆದಿದ್ದ ಮುದ್ರೆಗಳು ಮಾಸಿಹೋಗುತ್ತಿದ್ದುವು. ಮದ್ದು ಸಿಡಿಯುವ ಒತ್ತಡವನ್ನು ತಡೆಯಬೇಕಾದ ಲೋಹವೇ ಮೆರುಗಿಗಾಗಿ ಸವೆಯಿತು.

ಈ ಪದ್ಧತಿಯ ದೋಷವನ್ನು ಮೊದಲು ಕಂಡುಕೊಂಡವರು ಬೇಟೆಗಾರರು, ಅವರ ತರುವಾಯ ಹೊಂಚುಹಾಕಿ ಕಾದುವ ರೈಫಲ್‌ಧಾರಿಗಳು. ಹೊಳೆಯುವ ನಳಿಗೆಯು ಬಹುದೂರದಿಂದಲೇ ಗುರುತು ಹೇಳುತ್ತದೆ. ಬ್ರಿಟಿಷ್ ಸೈನ್ಯವು ೧೮೦೦ರಲ್ಲಿ ಅಂಗೀಕರಿಸಿದ ಬೇಕರ್ ರೈಫಲಿನ ನಳಿಗೆ ಕಂದುಬಣ್ಣದ್ದು. ಅದನ್ನು ಹಿಡಿದ ದಳದವರ ಉಡುಪೂ ಕೆಂಪಲ್ಲ, ಕಡು ಹಸುರು. ಉಳಿದ ಪದಾತಿಯ ಬಂದೂಕುಗಳನ್ನು ಕಂದುಗೊಳಿಸುವ ಕ್ರಮವು ೧೮೧೫ರ ಸುಮಾರಿಗೆ, ನೆಪೋಲಿಯನ್ನನ ಯುದ್ಧಗಳು ಮುಗಿಯುವ ಹೊತ್ತಿಗೆ, ಜಾರಿಗೆ ಬಂದಿತು. ಹೆಸರಿನಲ್ಲಿ ಮಾತ್ರ ಕಂದಾಗಿದ್ದ ಬಂದೂಕು ಮೈಯಲ್ಲಿಯೂ ಕಂದಾದುದು ಹೀಗೆ.

ಕಂದುಗೊಳಿಸುವ ಕ್ರಮವು ವಿಚಿತ್ರವಾದದ್ದು. ತುಕ್ಕನ್ನು ತಡೆಯಬೇಕೆಂದಿರುವವನು ಮೊದಲು ತುಕ್ಕನ್ನೇ ಬರಿಸುತ್ತಾನೆ. ನಳಿಗೆಯ ಮೇಲಿನ ಜಿಡ್ಡನ್ನೆಲ್ಲ ತೆಗೆದು, ಆಮ್ಲ ಲವಣಗಳು ಸೇರಿದ ದ್ರಾವಣವನ್ನು ತೆಳ್ಳಗೆ ಸವರಿ, ತೇವವಾದ ಪೆಟ್ಟಿಗೆಯಲ್ಲಿ ಇಡುತ್ತಾರೆ. ಕೆಲವು ಗಂಟೆಗಳಲ್ಲಿ ಅದರ ಮೇಲೆ ಧೂಳಿನಷ್ಟು ನವುರಾದ ಕೆಂಪು ಹುಟ್ಟುತ್ತದೆ. ಸಡಿಲವಾದುದನ್ನು ಉಜ್ಜಿ ತೆಗೆದು ಮತ್ತೆ ಸವರುತ್ತಾರೆ. ಹೀಗೆ ಹಲವು ಆವೃತ್ತಿಗಳಾದ ಮೇಲೆ, ಉದುರದೆ ನಿಂತ ತುಕ್ಕಿನ ಪದರಕ್ಕೆ ಎಣ್ಣೆಯನ್ನು ಕುಡಿಸಿದರೆ ಕಂದುಬಣ್ಣವು ನೆಲೆಯಾಗುತ್ತದೆ. ಪ್ರತಿ ಆವೃತ್ತಿಯಲ್ಲಿಯೂ ನಳಿಗೆಯನ್ನು ಕುದಿಯುವ ನೀರಿನಲ್ಲಿ ಅದ್ದಿದರೆ ಕೆಂಪು ತುಕ್ಕು ಕಪ್ಪಾಗಿ ಪರಿವರ್ತನೆ ಹೊಂದುತ್ತದೆ. ಆಗ ದೊರೆಯುವುದೇ ಹೆಸರಾಂತ ನೀಲಿಗಪ್ಪು. ಉಕ್ಕನ್ನೂ ಕಬ್ಬಿಣವನ್ನೂ ಹೆಣೆದು ಬೆಸೆದ ಡಮಾಸ್ಕಸ್ ನಳಿಗೆಗಳಿಗೆ ಈ ಕ್ರಮದಿಂದ ಇನ್ನೊಂದು ಲಾಭವಾಯಿತು. ಆಮ್ಲವು ಎರಡನ್ನೂ ಬೇರೆ ಬೇರೆ ಪ್ರಮಾಣದಲ್ಲಿ ಕಚ್ಚುವುದರಿಂದ ಒಳಗಿನ ಹೆಣಿಗೆಯು ನೀರಿನ ಅಲೆಗಳಂತೆ ಮೇಲೆದ್ದು ಕಂಡಿತು. ರಕ್ಷಣೆಗಾಗಿ ಮಾಡಿದ ಕೆಲಸವೇ ಅಲಂಕಾರವೂ ಆಯಿತು.

ನೀಲಿಯೆಂದ ಮಾತ್ರಕ್ಕೆ ಎಲ್ಲ ನೀಲಿಯೂ ಒಂದೇ ಅಲ್ಲ. ಒಪ್ಪ ಹಾಕಿದ ಉಕ್ಕನ್ನು ಮೆಲ್ಲನೆ ಕಾಯಿಸಿದರೆ ೨೩೦ ಸೆಂಟಿಗ್ರೇಡಿನ ಹತ್ತಿರ ಒಣಹುಲ್ಲಿನ ಬಣ್ಣವೂ, ೩೦೦ರ ಹತ್ತಿರ ಮನೋಹರವಾದ ನೀಲಿಯೂ ಮೂಡುತ್ತವೆ. ಸಣ್ಣ ತಿರುಪುಗಳ ಮೇಲೆ ಕಾಣುವ ಉಜ್ವಲವಾದ ನೀಲಿ ಇದೇ. ಅದು ಸಾಬೂನಿನ ಗುಳ್ಳೆಯ ಬಣ್ಣದಂತೆ ತೆಳುವಾದ ಪದರದ ಮೇಲೆ ಬೆಳಕು ಆಡುವ ಆಟ. ಬೆರಳುಗಳ ಬಳಕೆಗೇ ಬೇಗ ಅಳಿಸಿಹೋಗುತ್ತದೆ. ಇಪ್ಪತ್ತನೆಯ ಶತಮಾನದಲ್ಲಿ ಕಾಸ್ಟಿಕ್ ಸೋಡ, ನೈಟ್ರೇಟುಗಳ ಕುದಿಯುವ ದ್ರಾವಣದಲ್ಲಿ ಬಂದೂಕಿನ ಭಾಗಗಳನ್ನು ಮುಳುಗಿಸಿ ಅರ್ಧ ಗಂಟೆಯ ಆಸುಪಾಸಿನಲ್ಲೇ ಕಪ್ಪೇರಿಸುವ ಕ್ರಮವು ಬಂದು, ದಿನಗಟ್ಟಲೆಯ ದುಡಿಮೆಯನ್ನು ಕಾರ್ಖಾನೆಗಳಿಂದ ಹೊರಡಿಸಿತು. ಆದರೂ ಎರಡು ನಳಿಗೆಗಳನ್ನು ಸೀಸ ತವರಗಳ ಬೆಸುಗೆಯಿಂದ ಜೋಡಿಸಿದ ಜೋಡುನಳಿಗೆಯ ಬಂದೂಕನ್ನು ಆ ದ್ರಾವಣಕ್ಕೆ ಹಾಕುವಂತಿಲ್ಲ. ಕ್ಷಾರವು ಬೆಸುಗೆಯನ್ನೇ ತಿಂದುಬಿಡುತ್ತದೆ. ಆದುದರಿಂದ ಅಂಥವುಗಳಿಗೆ ಇಂದಿಗೂ ನಿಧಾನವಾದ ಹಳೆಯ ಕ್ರಮವೇ ಗತಿ. ಈ ಎಲ್ಲ ನೀಲಿಗಪ್ಪುಗಳಿಗೂ ಒಂದು ಮಿತಿಯುಂಟು. ಅವುಗಳ ದಪ್ಪವು ತಲೆಗೂದಲೊಂದರ ದಪ್ಪದ ಹತ್ತಾರು ಭಾಗಗಳಲ್ಲಿ ಒಂದು. ಎಣ್ಣೆಯ ನೆರವಿಲ್ಲದೆ ಅವು ಮಳೆಗಾಲವನ್ನು ಎದುರಿಸಲಾರವು.

ಹೊದಿಕೆಯ ಪಂಥದವರು ಸುಮ್ಮನೆ ಕುಳಿತಿರಲಿಲ್ಲ. ಭಾರತದ ಕುಶಲಕರ್ಮಿಗಳು ಉಕ್ಕಿನ ಮೈಯನ್ನು ನವುರಾದ ಗೀರುಗಳಿಂದ ಒರಟುಮಾಡಿ, ಅದರ ಮೇಲೆ ಚಿನ್ನದ ತಂತಿಯನ್ನು ಬಡಿದು ಕೂರಿಸುತ್ತಿದ್ದರು. ಟಿಪ್ಪು ಸುಲ್ತಾನನಿಗಾಗಿ ಶ್ರೀರಂಗಪಟ್ಟಣದಲ್ಲಿ ತಯಾರಾದ ಬಂದೂಕುಗಳು ಹುಲಿಪಟ್ಟೆಗಳಿಂದಲೂ ಚಿನ್ನ ಬೆಳ್ಳಿಗಳ ಲಿಪಿಗಳಿಂದಲೂ ಶೋಭಿಸುತ್ತಿದ್ದುವು. ೧೭೯೯ರ ತರುವಾಯ ವಿಂಡ್ಸರ್ ಮೊದಲಾದ ಕಡೆಗಳಿಗೆ ಸಾಗಿಹೋಗಿ ಇಂದಿಗೂ ಅಲ್ಲಿ ಉಳಿದಿವೆ. ಚಿನ್ನಕ್ಕೆ ತುಕ್ಕಿಲ್ಲವೆಂಬುದು ನಿಜ. ಆದರೆ ಅದರ ಅಂಚಿನಲ್ಲಿ ಕಬ್ಬಿಣಕ್ಕೆ ತುಕ್ಕು ಹಿಡಿದರೆ, ಉಬ್ಬಿದ ತುಕ್ಕು ಚಿನ್ನವನ್ನು ಕೆಳಗಿನಿಂದಲೇ ಎತ್ತಿಹಾಕುತ್ತದೆ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ವಿದ್ಯುತ್ತಿನ ನೆರವಿನಿಂದ ಅಮೆರಿಕದ ರಿವಾಲ್ವರುಗಳಿಗೆ ಹಾಕಿದ ನಿಕ್ಕಲ್ ಗಿಲೀಟಿನ ಕಥೆಯೂ ಇದೇ. ಗಿಲೀಟು ಅಖಂಡವಾಗಿರುವವರೆಗೆ ಅದಕ್ಕೆ ಸಮನಿಲ್ಲ. ಒಂದು ಕಡೆ ಬಿರುಕು ಬಿಟ್ಟಿತೆಂದರೆ, ನಿಕ್ಕಲು ಕಬ್ಬಿಣಕ್ಕಿಂತ ಜಡವಾದ ಲೋಹವಾದುದರಿಂದ, ಆ ಬಿರುಕಿನಲ್ಲಿ ಕಬ್ಬಿಣವೇ ತನ್ನನ್ನು ತೆತ್ತು ಬರಿಯ ಕಬ್ಬಿಣಕ್ಕಿಂತಲೂ ವೇಗವಾಗಿ ಕೊರೆದುಹೋಗುತ್ತದೆ. ಹೊರಗೆ ಕನ್ನಡಿಯಂತಹ ಹೊಳಪು, ಒಳಗೆ ಹುಣ್ಣು.

ಯುದ್ಧಗಳು ಲಕ್ಷಗಟ್ಟಲೆ ಬಂದೂಕುಗಳನ್ನು ಬೇಡತೊಡಗಿದಾಗ ಹೊಳಪಿನ ಮೋಹವು ತಾನಾಗಿಯೇ ಇಳಿಯಿತು. ೧೮೬೯ರಲ್ಲಿಯೇ ಇಂಗ್ಲೆಂಡಿನ ರಾಸ್ ಎಂಬಾತನು ಕಬ್ಬಿಣಕ್ಕೆ ಫಾಸ್ಫೇಟಿನ ಪದರವನ್ನು ಬರಿಸುವ ಕ್ರಮಕ್ಕೆ ಹಕ್ಕುಪತ್ರ ಪಡೆದಿದ್ದನು. ಬರ್ಮಿಂಗ್‌ಹ್ಯಾಮಿನ ಥಾಮಸ್ ಕಾಸ್ಲೆಟ್ಟನು ೧೯೦೬ರಲ್ಲಿ ಅದನ್ನು ಸುಧಾರಿಸಿದನು. ಅಮೆರಿಕದಲ್ಲಿ ಆ ಹಕ್ಕನ್ನು ಕೊಂಡ ಪಾರ್ಕರನ ಹೆಸರಿನಿಂದ ಈ ಕ್ರಮಕ್ಕೆ ಪಾರ್ಕರೈಸಿಂಗ್ ಎಂಬ ಹೆಸರು ಬಂದಿತು. ೧೯೧೮ರಲ್ಲಿ ಅಮೆರಿಕದ ಸೈನಿಕ ಬಂದೂಕುಗಳಿಗೆ ಇದನ್ನು ಅನ್ವಯಿಸಿದರು. ಎರಡನೆಯ ಮಹಾಯುದ್ಧದ ಗರಾಂಡ್ ರೈಫಲಿನ ಮಂಕು ಬೂದುಬಣ್ಣ ಇದರದೇ. ಬಿಸಿಯಾದ ಫಾಸ್ಫಾರಿಕ್ ಆಮ್ಲದ ದ್ರಾವಣವು ಉಕ್ಕನ್ನು ತುಸು ಕಚ್ಚುತ್ತದೆ; ಕಚ್ಚಿದ ಜಾಗದಲ್ಲಿ ಅದರ ಹುಳಿ ಇಳಿದು, ಕರಗದ ಫಾಸ್ಫೇಟಿನ ಹರಳುಗಳು ಅಲ್ಲಿಯೇ ಬೇರೂರುತ್ತವೆ. ಮುಟ್ಟಿದರೆ ಒರಟು, ನೋಡಿದರೆ ಕಳೆಯಿಲ್ಲ. ಆದರೆ ಆ ಹರಳುಗಳ ಸಂದುಗಳು ಎಣ್ಣೆಯನ್ನು ಹೀರಿ ಹಿಡಿದಿಡುತ್ತವೆ. ನುಣುಪಾದ ಮೈಯಿಂದ ಜಾರಿಹೋಗುವ ಎಣ್ಣೆ ಇಲ್ಲಿ ನಿಲ್ಲುತ್ತದೆ. ಈ ಪದರದ ಬಲವು ತನ್ನಲ್ಲಿರುವುದಕ್ಕಿಂತ ಹೆಚ್ಚಾಗಿ, ತಾನು ಹಿಡಿದಿಟ್ಟುಕೊಂಡ ಎಣ್ಣೆಯಲ್ಲಿದೆ.

ಇದುವರೆಗೆ ಹೊರಮೈಯ ಮಾತಾಯಿತು. ಬಂದೂಕಿನ ಆಯುಷ್ಯವು ನಿಶ್ಚಯವಾಗುವುದು ಹೆಚ್ಚಾಗಿ ಒಳಮೈಯಲ್ಲಿ. ಹಿಂದಿನ ತೋಟಾಗಳ ಬುಡದಲ್ಲಿನ ಕಿಡಿಮದ್ದಿನಲ್ಲಿ ಪೊಟ್ಯಾಸಿಯಂ ಕ್ಲೋರೇಟು ಇರುತ್ತಿದ್ದಿತು. ಅದು ಸಿಡಿದ ಮೇಲೆ ನಳಿಗೆಯೊಳಗೆ ಉಳಿಯುವುದು ಅಡಿಗೆಯ ಉಪ್ಪಿನ ಹತ್ತಿರದ ಬಂಧುವಾದ ಒಂದು ಲವಣ. ಶ್ರಾವಣಮಾಸದಲ್ಲಿ ಮರಿಗೆಯ ಉಪ್ಪು ಹೇಗೆ ನೀರೊಡೆಯುತ್ತದೆಯೋ ಹಾಗೆಯೇ ಅದೂ ಗಾಳಿಯ ತೇವವನ್ನು ಎಳೆದುಕೊಂಡು ಉಕ್ಕನ್ನು ಕೊರೆಯುತ್ತದೆ. ಎಣ್ಣೆಯಲ್ಲಿ ಉಪ್ಪು ಕರಗದು. ನೀರಿನಲ್ಲಿ ಮಾತ್ರ ಕರಗುವುದು. ಆದಕಾರಣ ಬ್ರಿಟಿಷ್ ಸೈನ್ಯದ ಸಿಪಾಯಿಗಳು ಲೀ-ಎನ್‌ಫೀಲ್ಡ್ ರೈಫಲಿನ ನಳಿಗೆಗೆ ಕುದಿಯುವ ನೀರನ್ನು ಹೊಯ್ದು, ಒರಸಿ, ಆಮೇಲೆ ಎಣ್ಣೆ ಸವರುತ್ತಿದ್ದರು. ಒಳಮೈಯ ಸಮಸ್ಯೆಯಿಂದಲೇ ಒಂದು ದೊಡ್ಡ ಶೋಧವೂ ಆಯಿತೆಂಬುದು ಸ್ವಾರಸ್ಯವಾದ ಸಂಗತಿ. ಮದ್ದಿನ ಬೆಂಕಿಗೆ ಸವೆಯದ ನಳಿಗೆಯ ಉಕ್ಕನ್ನು ಹುಡುಕುತ್ತಿದ್ದ ಷೆಫೀಲ್ಡಿನ ಹ್ಯಾರಿ ಬ್ರಿಯರ್ಲಿಗೆ ೧೯೧೩ರಲ್ಲಿ, ನೂರಕ್ಕೆ ಸುಮಾರು ೧೩ ಭಾಗ ಕ್ರೋಮಿಯಂ ಬೆರೆತ ಉಕ್ಕಿಗೆ ಕಲೆ ಹಿಡಿಯದೆಂಬುದು ಗೋಚರವಾಯಿತು. ಬಂದೂಕಿಗಾಗಿ ಹೊರಟ ಆ ಉಕ್ಕು ಮೊದಲು ಊಟದ ಮೇಜಿನ ಚಾಕುವಾಯಿತು. ಕಲೆಯಿಲ್ಲದ ಉಕ್ಕಿನ ರಿವಾಲ್ವರು ಬಂದುದು ೧೯೬೫ರಲ್ಲಿ. ಆ ಉಕ್ಕಿನ ಮೇಲೆಯೂ ಒಂದು ಚರ್ಮವುಂಟು. ಕಣ್ಣಿಗೆ ಕಾಣದ ಆ ಪದರವು ಗೀರಿದರೂ ಗಾಳಿ ಸೋಕಿದೊಡನೆ ತಾನೇ ಮತ್ತೆ ಮೂಡುತ್ತದೆ.

ನಳಿಗೆಯ ಒಳಗೆ ಕ್ರೋಮಿಯಮ್ಮಿನ ಗಟ್ಟಿಯಾದ ಪದರವನ್ನು ಹಾಕುವುದು ಇನ್ನೊಂದು ಉಪಾಯ. ೧೯೩೯ರ ಜಪಾನಿನ ಅರಿಸಾಕ ರೈಫಲಿನಲ್ಲಿ ಅದಿದ್ದಿತು. ಪೆಸಿಫಿಕ್ ದ್ವೀಪಗಳ ಮಳೆ ಕೆಸರುಗಳಲ್ಲಿ ಕಾದಿದ ಅಮೆರಿಕದವರೂ ಅದರ ಬೆಲೆಯನ್ನು ಅರಿತು, ತಮ್ಮ ಎಂ-೧೪ ರೈಫಲಿನಲ್ಲಿ ಅದನ್ನು ಅಳವಡಿಸಿದರು. ಆದರೆ ಅದರ ತರುವಾಯ ಬಂದ ಎಂ-೧೬ ರೈಫಲಿಗೆ ಈ ಪದರವಿರಲಿಲ್ಲ. ೧೯೬೫ರಿಂದ ಅದು ವಿಯೆಟ್ನಾಮಿನ ಕಾಡುಗಳಿಗೆ ಹೋಯಿತು. ೧೯೬೪ರಲ್ಲಿ ತೋಟಾದ ಮದ್ದನ್ನು ಬದಲಾಯಿಸಿದ್ದರು. ಹೊಸ ಮದ್ದು ಹೆಚ್ಚು ಮಸಿಯನ್ನು ಬಿಡುತ್ತಿದ್ದಿತು. ಈ ರೈಫಲಿಗೆ ಶುಚಿಯ ಅಗತ್ಯ ಹೆಚ್ಚಿಲ್ಲವೆಂಬ ಮಾತು ಹಬ್ಬಿದ್ದಿತು. ಶುಚಿಮಾಡುವ ಸಲಕರಣೆಗಳೂ ಸಾಕಷ್ಟು ತಲಪಲಿಲ್ಲ. ತೇವಕ್ಕೆ ಒಳಮೈಯಲ್ಲಿ ಸಣ್ಣ ಸಣ್ಣ ಕುಳಿಗಳು ಬಿದ್ದುವು. ಹಾರಿದ ಗುಂಡಿನ ಚಿಪ್ಪು ಆ ಒರಟಿಗೆ ಕಚ್ಚಿಕೊಂಡು ಹೊರಬಾರದೆ ನಿಂತಿತು. ಸಿಕ್ಕಿಕೊಂಡ ಚಿಪ್ಪನ್ನು ಕಡ್ಡಿಯಿಂದ ದೂಡುತ್ತಿದ್ದಂತೆಯೇ ಗುಂಡಿಗೆ ಬಲಿಯಾದ ಸಂಗಾತಿಗಳ ವಿಚಾರವನ್ನು ಸೈನಿಕರು ಊರಿಗೆ ಬರೆದರು. ೧೯೬೭ರಲ್ಲಿ ಅಮೆರಿಕದ ಪ್ರತಿನಿಧಿಸಭೆಯು ಇಕಾರ್ಡ್ ಎಂಬ ಸದಸ್ಯನ ಅಧ್ಯಕ್ಷತೆಯಲ್ಲಿ ವಿಚಾರಣೆ ನಡೆಸಿತು. ತೋಟಾದ ದೋಷಗಳನ್ನು ತಿಳಿದೂ ತಿದ್ದದಿದ್ದ ಅಧಿಕಾರಿಗಳ ನಡತೆಯು ಅಪರಾಧಕ್ಕೆ ಸಮೀಪವಾದ ಅಲಕ್ಷ್ಯವೆಂದು ಆ ಸಮಿತಿಯು ಖಂಡಿಸಿತು.

ಇದಕ್ಕೆ ಪರಿಹಾರವಾಗಿ ಬಂದುವು ಎರಡು ವಸ್ತುಗಳು. ಒಂದು, ತೋಟಾ ಕೂರುವ ಕೋಣೆಗೆ ಕ್ರೋಮಿಯಂ ಪದರ. ಕೆಲವು ವರ್ಷಗಳಲ್ಲಿ ಅದು ನಳಿಗೆಯ ಉದ್ದಕ್ಕೂ ಬಂದಿತು. ಇನ್ನೊಂದು, ರೈಫಲನ್ನು ಶುಚಿಯಾಗಿಡುವ ಬಗೆಯನ್ನು ಚಿತ್ರಕಥೆಯ ರೂಪದಲ್ಲಿ ಹೇಳುವ, ಪ್ರಸಿದ್ಧ ಚಿತ್ರಗಾರ ವಿಲ್ ಐಸ್ನರನು ಬರೆದ ಸಣ್ಣ ಪುಸ್ತಕ. ಲೋಹವಿದ್ಯೆಯ ಪದರವೂ ಹದಿನೆಂಟು ವರ್ಷದ ಹುಡುಗನ ಕೈಗೆ ಕೊಟ್ಟ ಕುಂಚ ಎಣ್ಣೆಗಳೂ ಒಟ್ಟಿಗೆ ಬಂದಾಗಲೇ ಆ ರೈಫಲು ನೆಚ್ಚಿಕೆಗೆ ಪಾತ್ರವಾಯಿತು. ಈ ಎರಡರಲ್ಲಿ ಯಾವ ಒಂದನ್ನು ಬಿಟ್ಟಿದ್ದರೂ ಇನ್ನೊಂದು ಅರ್ಧವೇ ಆಗುತ್ತಿದ್ದಿತೆಂದು ನಮ್ಮ ಅಭಿಪ್ರಾಯ.

ಆ ತರುವಾಯದ ಪ್ರಗತಿಯು ಚರ್ಮದ ಪಂಥದ ಗೆಲವೆಂದೇ ಹೇಳಬೇಕು. ೧೯೮೨ರಲ್ಲಿ ಆಸ್ಟ್ರಿಯದ ಸೈನ್ಯವು ಅಂಗೀಕರಿಸಿದ ಗ್ಲಾಕ್ ಪಿಸ್ತೂಲಿನ ಉಕ್ಕನ್ನು ಕಾದ ಲವಣದ ದ್ರವದಲ್ಲಿ ಅದ್ದಿ, ಸಾರಜನಕವೂ ಇಂಗಾಲವೂ ಅದರೊಳಕ್ಕೆ ಇಳಿಯುವಂತೆ ಮಾಡಿದ್ದರು. ಹಾಗೆ ಇಳಿದ ಪದರವು ಉಕ್ಕಿನ ಮೈಯನ್ನೇ ಕಠಿಣವಾಗಿಸುತ್ತದೆ, ತುಕ್ಕನ್ನೂ ಎದುರಿಸುತ್ತದೆ. ಮೇಲಿನ ಕಪ್ಪು ಬಣ್ಣವು ವರ್ಷಗಳ ಬಳಕೆಯಲ್ಲಿ ಸವೆದರೂ ಕೆಳಗಿನ ರಕ್ಷೆಯು ಹಾಗೆಯೇ ಇರುತ್ತದೆ. ಬಣ್ಣ ಬೇರೆ, ಬಾಳಿಕೆ ಬೇರೆ ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ನಿದರ್ಶನವನ್ನು ನಾವು ಕಾಣೆವು.

ಕೊನೆಯದಾಗಿ ನಮ್ಮ ನಾಡಿಗೆ ಬರೋಣ. ಮಡಿಕೇರಿಯಲ್ಲಿ ವರ್ಷಕ್ಕೆ ಸುಮಾರು ೩೦೦೦ ಮಿಲಿಮೀಟರ್ ಮಳೆ ಬೀಳುತ್ತದೆ. ಕಬ್ಬಿಣಕ್ಕೆ ಅಂಥ ಸ್ಥಳಕ್ಕಿಂತ ಕಠಿನವಾದ ಪರೀಕ್ಷೆಯಿಲ್ಲ. ಆದರೂ ಕೊಡಗಿನ ಮನೆಗಳಲ್ಲಿ ತಲೆಮಾರುಗಳಿಂದ ಬಂದೂಕುಗಳು ಉಳಿದುಬಂದಿವೆ. ಶಸ್ತ್ರಗಳ ಕಾನೂನಿನಲ್ಲಿ ಆ ಜನಕ್ಕೆ ಬ್ರಿಟಿಷರ ಕಾಲದಿಂದಲೂ ವಿನಾಯಿತಿಯುಂಟು. ನಾಟಿಯ ಕೆಲಸ ಮುಗಿದು, ಮಳೆಯ ಭರವು ಇಳಿಯುವ ಸೆಪ್ಟೆಂಬರಿನಲ್ಲಿ ಕೈಲ್ ಪೊಳ್ದ್ ಹಬ್ಬ ಬರುತ್ತದೆ. ಒಳಗಿಟ್ಟಿದ್ದ ಆಯುಧಗಳನ್ನು ಆಗ ಹೊರತೆಗೆದು, ಶುಚಿಮಾಡಿ, ತೋಕ್‌ಪೂವನ್ನು ಮುಡಿಸಿ ಪೂಜಿಸುತ್ತಾರೆ. ಪೂಜೆಯ ಫಲವನ್ನು ಅಳೆಯುವುದು ಚರಿತ್ರಕಾರನ ಕೆಲಸವಲ್ಲ. ಆದರೆ ವರ್ಷಕ್ಕೊಮ್ಮೆ ಮನೆಯ ಪ್ರತಿಯೊಂದು ಆಯುಧವೂ ಬೆಳಕಿಗೆ ಬಂದು, ಮನುಷ್ಯನ ಕೈಗೆ ಸಿಕ್ಕಿ, ಕಣ್ಣಿನ ಪರೀಕ್ಷೆಗೆ ಒಳಗಾಗುವ ಪದ್ಧತಿಯು ತುಕ್ಕಿಗೆ ಪ್ರಬಲವಾದ ಅಡ್ಡಿಯೆಂಬುದರಲ್ಲಿ ಸಂದೇಹವಿಲ್ಲ.

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನು ಹೇಳಬೇಕಾಗಿದೆ. ಹಬ್ಬದ ಉತ್ಸಾಹದಲ್ಲಿ ಹಿತ್ತಾಳೆಯ ದೀಪವನ್ನು ಬೆಳಗುವ ಹುಣಿಸೆಹಣ್ಣು, ಇಟ್ಟಿಗೆಪುಡಿಗಳನ್ನೇ ಅಜ್ಜನ ಕಾಲದ ಬಂದೂಕಿಗೂ ಹಾಕಿ ತಿಕ್ಕಬೇಕೆಂದು ಕೆಲವರಿಗೆ ಅನ್ನಿಸಬಹುದು. ಹಾಗೆ ಮಾಡಿದರೆ ಬ್ರೌನ್ ಬೆಸ್ಸಿನ ಸಿಪಾಯಿಯು ನಳಿಗೆಗೆ ಮಾಡಿದುದನ್ನೇ ನಾವೂ ಮಾಡಿದಂತಾಯಿತು. ಆ ಕಂದು, ಆ ನೀಲಿಗಪ್ಪು, ಅರ್ಧ ಮಾಸಿದ ಆ ಮುದ್ರೆ, ಇವು ಆ ಬಂದೂಕನ್ನು ಯಾರು ಯಾವ ಕ್ರಮದಲ್ಲಿ ತಯಾರಿಸಿದರು, ಯಾವ ಕೈಗಳು ಅದನ್ನು ಎಲ್ಲಿ ಹಿಡಿದುವು ಎಂಬುದಕ್ಕೆ ಉಳಿದಿರುವ ದಾಖಲೆಗಳು. ಶಾಸನದ ಕಲ್ಲನ್ನು ಉಳಿಯಿಂದ ನುಣುಪು ಮಾಡುವವರು ಯಾರೂ ಇಲ್ಲವಷ್ಟೆ! ಮೆತ್ತನೆಯ ಬಟ್ಟೆಯಿಂದ ಧೂಳನ್ನು ಒರಸಿ, ತೆಳ್ಳಗೆ ಎಣ್ಣೆಯನ್ನೋ ಮೇಣವನ್ನೋ ಸವರಿ, ಬರಿಯ ಬೆರಳು ಸೋಕದಂತೆ ಒಣಗಿದ ಸ್ಥಳದಲ್ಲಿಟ್ಟರೆ ಸಾಕು. ಹಿಂದಿನ ಕಮ್ಮಾರನು ಬರಿಸಿದ ಚರ್ಮವು ಇನ್ನೂ ಅನೇಕ ತಲೆಮಾರುಗಳ ಕಾಲ ತನ್ನ ಕೆಲಸವನ್ನು ಮಾಡುತ್ತಿರುವುದು.